ಹರಿವ ನೀರಿನ ಸಾಸಿವೆ
(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಕೃಷಿಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದ ದಿನ ಸಂಘವನ್ನು ಹೊಗಳಿ ನಾಲ್ಕು ಮಾತಾಡಿ ಕೂತರೆ ಸಾಕು ಅಂತ ಯಾರೂ ಬೇಸರಪಡುವುದಿಲ್ಲ. ಆದರೆ ನಮ್ಮನ್ನು ಕರೆಯಲು ಬಂದ ಕಾರ್ಯದರ್ಶಿಗಳು ಒಂದು ವಿಷಯ ಹೇಳಿದರು. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ಊರಿನ ಹುಡುಗರು ಬೇರೆ ಬೆಳೆ ಹುಡುಕುತ್ತಿದ್ದಾರೆ. ಮೊಬೈಲಿನಲ್ಲಿ ಯಾರೋ ಕಳಿಸಿದ ಚಿತ್ರ ನೋಡಿ, ಜಪಾನಿನಲ್ಲಿ ಹಳ್ಳದ ನೀರಿನಲ್ಲಿ ಬೆಳೆಯುವ ಒಂದು ಗಿಡಕ್ಕೆ ಕಿಲೋಗೆ ಸಾವಿರಾರು ರೂಪಾಯಿ ಸಿಗುತ್ತದಂತೆ, ನಮ್ಮಲ್ಲೂ ಹಳ್ಳ ಇದೆ, ನೆರಳು ಇದೆ, ಯಾಕೆ ಬೆಳೆಯಬಾರದು, ಸಂಘ ಸಾಲ ಕೊಡುತ್ತದೆಯೆ ಎಂದು ಕೇಳಿದ್ದಾರಂತೆ. ಪ್ರಶ್ನೆ ಒಳ್ಳೆಯದು. ಹುಡುಗರು ಊರು ಬಿಡುವ ಮಾತಾಡದೆ ಬೆಳೆಯ ಮಾತಾಡುತ್ತಿದ್ದಾರಲ್ಲ, ಅದೇ ದೊಡ್ಡದು. ಆದ್ದರಿಂದ ಇವತ್ತು ಆ ಗಿಡದ ಮಾತನ್ನೇ ಆಡೋಣ ಎಂದು ನಿರ್ಧರಿಸಿ ಬಂದಿದ್ದೇವೆ. ಜಪಾನಿಗೆ ಹೋಗಿ ನೋಡಿದ ಪುಣ್ಯ ನಮಗಿಲ್ಲ. ತೋಟಗಾರಿಕೆಯ ವಿಷಯ ಓದುತ್ತ, ಬೆಳೆಗಾರರ ಜೊತೆ ಓಡಾಡುತ್ತ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಆ ಗಿಡದ ಹೆಸರು ವಸಾಬಿ.

ಸಾಸಿವೆಯ ಬಳಗ

ಹೆಸರು ಹೊಸದಾದರೂ ವಸಾಬಿ ನಮಗೆ ತೀರ ಅಪರಿಚಿತ ಕುಲದ್ದಲ್ಲ. ಅದು ಸಾಸಿವೆಯ ಬಳಗಕ್ಕೆ ಸೇರಿದ್ದು. ಈ ಬಳಗ ನಮ್ಮ ಅಡಿಗೆಮನೆಯಲ್ಲಿ ದೊಡ್ಡದಾಗಿಯೇ ಇದೆ. ಮೂಲಂಗಿ, ಎಲೆಕೋಸು, ಹೂಕೋಸು, ನವಿಲುಕೋಸು ಎಲ್ಲ ಇದರ ಮಕ್ಕಳೇ. ಬಾಣಂತಿಯರಿಗೆ ಉಂಡೆ, ಪಾಯಸ ಮಾಡಿಕೊಡುವ ಅಳವಿ ಬೀಜವೂ ಇದೇ ಮನೆತನದ್ದು. ಹೂವು ನೋಡಿದರೆ ಗುರುತು ಸಿಗುತ್ತದೆ. ನಾಲ್ಕೇ ಎಸಳು, ಕೂಡಿಸಿದ ಗೀಟಿನ ಹಾಗೆ ಎದುರುಬದುರು. ಸಾಸಿವೆಯದು ಹಳದಿ, ವಸಾಬಿಯದು ಬಿಳಿ.

ಆದರೆ ಒಂದು ವ್ಯತ್ಯಾಸ ಇದೆ. ಸಾಸಿವೆ ಬಿತ್ತಿ ಕೆಲವೇ ತಿಂಗಳಲ್ಲಿ ಕಿತ್ತು ಒಕ್ಕಿಬಿಡುವ ಬೆಳೆ. ವಸಾಬಿ ಬಹುವಾರ್ಷಿಕ. ಬೆಟ್ಟದ ಕಣಿವೆಗಳಲ್ಲಿ, ತಂಪು ಹಳ್ಳದ ಅಂಚಿನಲ್ಲಿ, ಮರಗಳ ನೆರಳಿನಲ್ಲಿ ತನ್ನಷ್ಟಕ್ಕೆ ತಾನು ವರ್ಷಾನುಗಟ್ಟಲೆ ಬದುಕುವ ಕಾಡುಗಿಡ. ಉದ್ದ ತೊಟ್ಟಿನ ತುದಿಗೆ ಅಗಲವಾದ, ಹೃದಯದಾಕಾರದ ಎಲೆ. ದೂರದಿಂದ ನೋಡಿದರೆ ನಮ್ಮ ಕೆಸುವಿನ ಮರಿಗಳಂತೆ ಕಂಡೀತು. ಹಳೆಯ ಎಲೆ ಉದುರುತ್ತ ಹೋದ ಹಾಗೆ ಬುಡದ ಕಾಂಡ ಗಂಟುಗಂಟಾಗಿ ದಪ್ಪವಾಗುತ್ತ ಬರುತ್ತದೆ. ಗೆಡ್ಡೆಯಂತೆ ಕಾಣುವ ಆ ಹಸಿರು ಕಾಂಡಕ್ಕೇ ಬೆಲೆ.

ಇದರ ಖಾರ ಮೆಣಸಿನಕಾಯಿಯ ಖಾರವಲ್ಲ. ಮೆಣಸಿನಕಾಯಿ ನಾಲಿಗೆ ಸುಡುತ್ತದೆ, ವಸಾಬಿ ಮೂಗಿಗೆ ಏರುತ್ತದೆ. ಕ್ಷಣದಲ್ಲಿ ಕಣ್ಣಲ್ಲಿ ನೀರು, ಮರುಕ್ಷಣ ಏನೂ ಇಲ್ಲ. ಇದರ ಗುಟ್ಟು ಇಲ್ಲಿರುವ ತಾಯಂದಿರಿಗೆ ನಮಗಿಂತ ಚೆನ್ನಾಗಿ ಗೊತ್ತು. ಇಡೀ ಸಾಸಿವೆಯನ್ನು ನಾವು ಬಾಯಿಗೆ ಹಾಕಿಕೊಂಡರೆ ಘಾಟು ಇರುವುದಿಲ್ಲ. ಒಗ್ಗರಣೆಗೆ ಕಾದೆಣ್ಣೆಯಲ್ಲಿ ಚಟಪಟ ಸಿಡಿಸಿದರೂ ಘಾಟಿಲ್ಲ, ಪರಿಮಳ ಮಾತ್ರ. ಅದೇ ಸಾಸಿವೆಯನ್ನು ತೆಂಗಿನಕಾಯಿ ಜೊತೆ ಹಸಿಯಾಗಿ ತಣ್ಣೀರು ಹಾಕಿ ರುಬ್ಬಿ ಮಾವಿನಹಣ್ಣಿನ ಸಾಸ್ಮೆ ಮಾಡಿ ನೋಡಿ, ಮೂಗು ಬಿಚ್ಚಿಕೊಳ್ಳುತ್ತದೆ. ಮಿಡಿ ಉಪ್ಪಿನಕಾಯಿಯ ಖಾರ ಬೀಸುವಾಗ ಕಣ್ಣು ಉರಿಯುವುದೂ ಅದಕ್ಕೇ.

ವಿಜ್ಞಾನಿಗಳು ಇದನ್ನು ಹೀಗೆ ಹೇಳುತ್ತಾರೆ. ಗಿಡದ ಜೀವಕೋಶದಲ್ಲಿ ಸಿನಿಗ್ರಿನ್ ಎಂಬ ವಸ್ತು ಒಂದು ಕಡೆ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಬೇರೆ ಬೇರೆ ಕೋಣೆಗಳಲ್ಲಿ ಇರುತ್ತವೆ. ಅರೆದಾಗ ಗೋಡೆ ಒಡೆದು, ಅಲ್ಲಿನ ತೇವದಲ್ಲಿ ಎರಡೂ ಸೇರಿ ಅಲೈಲ್ ಐಸೋಥಯೋಸಯನೇಟ್ ಎಂಬ ಘಾಟಿನ ಎಣ್ಣೆ ಹುಟ್ಟುತ್ತದೆ. ಬಿಸಿ ತಗುಲಿದರೆ ಕಿಣ್ವ ಕೆಡುತ್ತದೆ, ಘಾಟು ಹುಟ್ಟುವುದೇ ಇಲ್ಲ. ನಮ್ಮ ಸಾಸಿವೆಯಲ್ಲಿ ಇರುವುದೂ ಇದೇ, ವಸಾಬಿಯಲ್ಲಿ ಇರುವುದೂ ಮುಖ್ಯವಾಗಿ ಇದೇ. ಹುಳ ಕಚ್ಚಿದಾಗ ಗಿಡ ತನ್ನನ್ನು ಕಾಪಾಡಿಕೊಳ್ಳಲು ಮಾಡಿಕೊಂಡ ಉಪಾಯ ಅದು. ಮನುಷ್ಯ ಅದನ್ನು ರುಚಿ ಮಾಡಿಕೊಂಡ.

ಒಂದು ತಮಾಷೆ ಕೇಳಿ. ಮಲಗಿದವರನ್ನು ಎಬ್ಬಿಸುವಷ್ಟು ಶಕ್ತಿ ಈ ಘಾಟಿಗೆ ಇದೆ ಎಂದು ಜಪಾನಿನ ಕೆಲವರು ಕಿವಿ ಕೇಳದವರಿಗಾಗಿ ಬೆಂಕಿ ಅನಾಹುತದ ಎಚ್ಚರಿಕೆ ಯಂತ್ರವನ್ನೇ ಮಾಡಿದರು. ಗಂಟೆ ಬಾರಿಸುವ ಬದಲು ವಸಾಬಿಯ ಘಾಟು ಚಿಮ್ಮುತ್ತದೆ. ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ 2011ರಲ್ಲಿ ಅವರಿಗೆ ಬಂತು.

ಕಾಡಿನಿಂದ ಊರಿಗೆ

ಜಪಾನಿನವರು ಈ ಗಿಡವನ್ನು ಬಲ್ಲದ್ದು ಇಂದು ನಿನ್ನೆಯಲ್ಲ. ಹತ್ತನೇ ಶತಮಾನದ ಆರಂಭದಲ್ಲಿ, ಸುಮಾರು 918ರಲ್ಲಿ ಬರೆದ ಔಷಧ ಸಸ್ಯಗಳ ನಿಘಂಟು 'ಹೊಂಜೊ ವಾಮ್ಯೊ'ದಲ್ಲಿ ಇದರ ಉಲ್ಲೇಖವಿದೆ. ಆದರೆ ಆಗೆಲ್ಲ ಬೆಟ್ಟ ಹತ್ತಿ ಕಾಡಿನಿಂದ ಕಿತ್ತು ತರುವುದು ಅಷ್ಟೆ. ನಾವು ಕಾಡಿನಿಂದ ಉಪ್ಪಾಗೆ, ಮುರುಗಲು, ದಾಲ್ಚಿನ್ನಿ ತರುವ ಹಾಗೆ.

ಬೆಳೆಯಾಗಿ ನೆಟ್ಟು ಬೆಳೆಸಲು ಶುರುಮಾಡಿದ್ದು ಸುಮಾರು ನಾನೂರು ವರ್ಷಗಳ ಹಿಂದೆ. ಶಿಜುವೊಕಾ ಪ್ರಾಂತದಲ್ಲಿ ಅಬೆ ಎಂಬ ನದಿ. ಆ ನದಿಯ ಮೇಲ್ಭಾಗದ ಬೆಟ್ಟದ ಮಡಿಲಲ್ಲಿ ಉತೊಗಿ ಎಂಬ ಸಣ್ಣ ಹಳ್ಳಿ. ಆ ಹಳ್ಳಿಯವರು ಕಾಡಿನ ವಸಾಬಿಯನ್ನು ತಂದು ಊರ ಒರತೆ ನೀರಿನ ಬುಡದಲ್ಲಿ ನೆಟ್ಟು ನೋಡಿದರು, ಚೆನ್ನಾಗಿ ಬಂತು. ಅಲ್ಲಿಂದ ಕೃಷಿ ಪ್ರಾರಂಭ. ಆಗ ಆ ದೇಶದ ಅಧಿಕಾರ ನಡೆಸಿದ್ದ ತೊಕುಗವಾ ಇಯಾಸು ಎಂಬ ದೊರೆ 1607ರಲ್ಲಿ ಶಿಜುವೊಕಾದ ಕೋಟೆಗೆ ಬಂದು ನೆಲೆಸಿದ. ಊರವರು ಅವನಿಗೆ ವಸಾಬಿಯನ್ನು ಕಾಣಿಕೆ ಕೊಟ್ಟರಂತೆ. ರುಚಿಯೂ ಹಿಡಿಸಿತು; ಅದಕ್ಕಿಂತ ಹೆಚ್ಚಾಗಿ ಎಲೆಯ ಆಕಾರ ಅವನ ಮನೆತನದ ಲಾಂಛನದ ಎಲೆಯನ್ನು ಹೋಲುತ್ತಿತ್ತಂತೆ. ಸರಿ, ಈ ಗಿಡ ಊರ ಹೊರಗೆ ಹೋಗಕೂಡದು ಎಂದು ಅಪ್ಪಣೆಯಾಯಿತು ಅಂತ ಹೇಳುತ್ತಾರೆ.

ಅಪ್ಪಣೆ ನೂರು ವರ್ಷಕ್ಕೂ ಮೇಲೆ ನಡೆಯಿತು. 1744ರಲ್ಲಿ ಇಜು ಎಂಬ ಪ್ರದೇಶದ ಅಮಗಿ ಬೆಟ್ಟದಿಂದ ಇತಗಾಕಿ ಕಾನ್‌ಶಿರೊ ಎಂಬಾತ ಉತೊಗಿಗೆ ಬಂದ. ಅಣಬೆ ಬೆಳೆಸುವುದನ್ನು ಹೇಳಿಕೊಡಲು ಬಂದವನು. ವಿದ್ಯೆ ಕಲಿಸಿ ಊರಿಗೆ ಹೊರಟಾಗ, ಅವನ ಉಪಕಾರ ನೆನೆದು ಊರವರು ಬುತ್ತಿಯ ಡಬ್ಬಿಯಲ್ಲಿ ವಸಾಬಿ ಸಸಿ ಅಡಗಿಸಿ ಕೊಟ್ಟರು ಎಂದು ಒಂದು ಕಥೆ ಇದೆ. ಕಥೆಯ ಸತ್ಯಾಸತ್ಯ ಏನೇ ಇರಲಿ, ಅವನ ಮೂಲಕ ಇಜುವಿಗೆ ಬಂದ ವಸಾಬಿ ಅಲ್ಲಿ ದೊಡ್ಡ ಬೆಳೆಯಾಯಿತು. ನಾವು ಈ ಕಥೆ ಹೇಳಿದ್ದು ಯಾಕೆಂದರೆ, ಅರಸನ ಅಪ್ಪಣೆಯಿಂದ ಹರಡದ ಬೆಳೆ ಒಬ್ಬ ರೈತ ಇನ್ನೊಬ್ಬ ರೈತನಿಗೆ ಕೊಟ್ಟದ್ದರಿಂದ ಹರಡಿತು. ನಮ್ಮಲ್ಲಿಯೂ ಒಳ್ಳೆಯ ಮಿಡಿಮಾವಿನ ಕಸಿಕಡ್ಡಿ, ಒಳ್ಳೆಯ ಮೆಣಸಿನ ಬಳ್ಳಿ ಹರಡಿದ್ದು ಹಾಗೆಯೇ ಅಲ್ಲವೆ?

ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಈಗಿನ ಟೋಕಿಯೋ ಪಟ್ಟಣದಲ್ಲಿ ಅನ್ನದ ಮೇಲೆ ಹಸಿ ಮೀನಿಟ್ಟು ತಿನ್ನುವ ಸುಶಿ ಜನಪ್ರಿಯವಾಯಿತು. ಮೀನಿನ ವಾಸನೆ ಕಳೆಯಲು, ಅದು ಕೆಡದಂತೆ ಇರಲು ವಸಾಬಿ ಬೇಕೇ ಬೇಕಾಯಿತು. ಬೇಡಿಕೆ ಏರಿತು. 1889ರಲ್ಲಿ ತೊಕೈದೊ ರೈಲುಮಾರ್ಗ ಪೂರ್ತಿಯಾದ ಮೇಲೆ, ಕಾಂಡ ಮತ್ತು ತೊಟ್ಟುಗಳನ್ನು ಸಣ್ಣಗೆ ಹೆಚ್ಚಿ, ಅಕ್ಕಿ ಮದ್ಯ ಸೋಸಿ ಉಳಿದ ಗಸಿಯಲ್ಲಿ ಕಲಸಿದ ವಸಾಬಿ ಉಪ್ಪಿನಕಾಯಿ ಶಿಜುವೊಕಾ ನಿಲ್ದಾಣದ ಹೆಸರುವಾಸಿ ಸರಕಾಯಿತು. ಎಲೆ, ತೊಟ್ಟು, ಹೂವು ಯಾವುದನ್ನೂ ಅವರು ಎಸೆಯುವುದಿಲ್ಲ.

ಕಲ್ಲಿನ ಗದ್ದೆ

ಈಗ ಬೇಸಾಯದ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ.

ವಸಾಬಿಗೆ ಬೇಕಾದ ಮೊದಲನೆಯದು ನೀರು. ನೀರು ಅಂದರೆ ಎಂಥ ನೀರು? ವರ್ಷದ ಮುನ್ನೂರ ಅರವತ್ತೈದು ದಿನವೂ ಹರಿಯುತ್ತಿರಬೇಕು, ತಿಳಿಯಾಗಿರಬೇಕು, ತಣ್ಣಗಿರಬೇಕು. ಹನ್ನೆರಡರಿಂದ ಹದಿನೈದು ಡಿಗ್ರಿ ಸೆಲ್ಸಿಯಸ್ ಇದ್ದರೆ ಗಿಡಕ್ಕೆ ಹಿತ. ಚಳಿಗಾಲದಲ್ಲಿ ಎಂಟಕ್ಕಿಂತ ಕೆಳಗೆ ಹೋದರೆ ಬೆಳವಣಿಗೆ ನಿಲ್ಲುತ್ತದೆ. ಬೇಸಗೆಯಲ್ಲಿ ಇಪ್ಪತ್ತರ ಹತ್ತಿರ ಬಂದರೆ ಕೊಳೆರೋಗದ ಭಯ. ಇಂಥ ನೀರು ಸಿಗುವುದು ಬೆಟ್ಟದ ಹೊಟ್ಟೆಯಿಂದ ಬರುವ ಒರತೆಯಲ್ಲಿ ಮಾತ್ರ. ಮಳೆ ಬಂದಾಗ ಕೆಂಪಾಗಿ ಹರಿದು, ಬೇಸಗೆಯಲ್ಲಿ ಒಣಗುವ ಹಳ್ಳದಲ್ಲಿ ಇದು ಬದುಕುವುದಿಲ್ಲ.

ಎರಡನೆಯದು ಗದ್ದೆ. ಇಜುವಿನಲ್ಲಿ 1892ರ ಸುಮಾರಿಗೆ ಹಿರಾಯಿ ಕುಮತಾರೊ ಎಂಬ ಕಲ್ಲುಕೆಲಸ ಬಲ್ಲವರು ಒಂದು ಹೊಸ ಪದ್ಧತಿ ಕಟ್ಟಿದರು. ಅದಕ್ಕೆ 'ತತಾಮಿ-ಇಶಿ' ಎನ್ನುತ್ತಾರೆ. ಕಣಿವೆಯ ಇಳಿಜಾರಿನಲ್ಲಿ ಕಲ್ಲಿನ ಕಟ್ಟೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ ಮಾಡುವುದು. ಪ್ರತಿ ಗದ್ದೆಯ ತಳದಲ್ಲಿ ದೊಡ್ಡ ಬಂಡೆಗಲ್ಲು, ಅದರ ಮೇಲೆ ಮಧ್ಯಮ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ಎಲ್ಲದಕ್ಕೂ ಮೇಲೆ ಜಲ್ಲಿ ಮತ್ತು ಮರಳು. ನೀರು ತೆಳ್ಳಗೆ ಮೇಲೂ ಹರಿಯುತ್ತದೆ, ಮರಳಿನ ಒಳಗೂ ಇಳಿದು ಕಲ್ಲಿನ ಸಂದಿಯಲ್ಲಿ ಹರಿದು ಕೆಳಗಿನ ಗದ್ದೆಗೆ ಹೋಗುತ್ತದೆ. ಹೀಗೆ ಮಾಡುವುದರಿಂದ ಕಸ ಸೋಸಿ ಹೋಗುತ್ತದೆ, ನೀರಿನ ತಂಪು ಒಂದೇ ಸಮ ಉಳಿಯುತ್ತದೆ, ಬೇರಿಗೆ ಗಾಳಿ ಸಿಗುತ್ತದೆ. ಗಿಡಕ್ಕೆ ಬೇಕಾದ ಪೋಷಕಾಂಶ ಬಹುಪಾಲು ನೀರಿನಲ್ಲೇ ಬರುತ್ತದೆ, ಗೊಬ್ಬರದ ಖರ್ಚು ಬಹಳ ಕಡಿಮೆ.

ಇಲ್ಲೊಂದು ಸ್ವಾರಸ್ಯ ಇದೆ. ವಸಾಬಿಯನ್ನು ತೇವ ಇರುವ ಸಾಧಾರಣ ಮಣ್ಣಿನಲ್ಲೂ ಬೆಳೆಯಬಹುದು, ಬೆಳೆಯುತ್ತಾರೆ ಕೂಡ. ಎಲೆ ತೊಟ್ಟಿಗೆ ಅದು ಸಾಕು. ಆದರೆ ಕಾಂಡ ದಪ್ಪವಾಗುವುದಿಲ್ಲ. ಕಾರಣ, ಗಿಡ ತನ್ನ ಬೇರಿನಿಂದ ಬಿಡುವ ಘಾಟಿನ ವಸ್ತು ಬೇರೆ ಗಿಡಗಳನ್ನು ದೂರ ಇಡುವ ಜೊತೆಗೆ ತನ್ನ ಬೆಳವಣಿಗೆಯನ್ನೂ ತಡೆಯುತ್ತದೆ. ಹರಿಯುವ ನೀರು ಅದನ್ನು ತೊಳೆದುಕೊಂಡು ಹೋದಾಗಲೇ ಕಾಂಡ ದಪ್ಪಗೆ ಉದ್ದಕ್ಕೆ ಬರುತ್ತದೆ. ಕೂಡಿಟ್ಟುಕೊಂಡದ್ದು ತನಗೇ ವಿಷ, ಹರಿಯಬಿಟ್ಟರೆ ಬೆಳವಣಿಗೆ! ಸಹಕಾರ ಸಂಘದ ಸಭೆಯಲ್ಲಿ ಈ ಮಾತಿಗೆ ಹೆಚ್ಚು ವಿವರಣೆ ಬೇಕಾಗಿಲ್ಲ.

ಮೂರನೆಯದು ನೆರಳು. ಅಮಗಿ ಬೆಟ್ಟದಲ್ಲಿ ಗದ್ದೆಯ ನಡುವೆ ಆಲ್ಡರ್ ಜಾತಿಯ ಮರ ಬೆಳೆಸುತ್ತಾರೆ. ಬೇಸಗೆಯಲ್ಲಿ ಸೊಪ್ಪು ಹೊತ್ತು ನೆರಳು ಕೊಡುತ್ತದೆ, ಚಳಿಗಾಲದಲ್ಲಿ ಎಲೆ ಉದುರಿಸಿ ಬಿಸಿಲು ಬಿಡುತ್ತದೆ. ನಾಗಾನೊ ಪ್ರಾಂತದ ಅಜುಮಿನೊ ಬಯಲಿನಲ್ಲಿ ಬೆಟ್ಟವಿಲ್ಲ. ಅಲ್ಲಿ ಹಿಮದ ಪರ್ವತಗಳ ನೀರು ನೆಲದೊಳಗೆ ಇಳಿದು ಬಯಲಿನಲ್ಲಿ ಒರತೆಯಾಗಿ ಏಳುತ್ತದೆ. ಅಲ್ಲಿನವರು ಜಲ್ಲಿ ನೆಲ ಅಗೆದು, ಏರಿ ಮಾಡಿ ನೆಟ್ಟು, ಬೇಸಗೆಗೆ ಕಪ್ಪು ನೆರಳುಬಲೆ ಕಟ್ಟುತ್ತಾರೆ. ಅಲ್ಲಿಯ ದಾಯಿಯೊ ತೋಟ ಹದಿನೈದು ಹೆಕ್ಟೇರಿನದು. ಅದರ ಪಕ್ಕದ ಹೊಳೆ ಮತ್ತು ನೀರಿನ ಗಿರಣಿಗಳನ್ನು ಅಕಿರಾ ಕುರೊಸಾವ 1990ರಲ್ಲಿ ತಮ್ಮ 'ಡ್ರೀಮ್ಸ್' ಚಿತ್ರದಲ್ಲಿ ತೋರಿಸಿದ್ದಾರೆ.

ಇನ್ನು ಸಸಿ. ತಾಯಿ ಗಿಡದ ಬುಡದಲ್ಲಿ ಬರುವ ಮರಿಗಳನ್ನು ಬಿಡಿಸಿ ನೆಡುವುದು ಹಳೆಯ ಕ್ರಮ. ಆದರೆ ಮರಿಯಿಂದ ಮರಿಗೆ ತಲೆತಲಾಂತರ ನೆಡುತ್ತ ಹೋದರೆ ವೈರಸ್ ರೋಗವೂ ಜೊತೆಗೇ ಹೋಗುತ್ತದೆ. ಏಲಕ್ಕಿಯ ಕಟ್ಟೆರೋಗ ಕಂಡ ನಮಗೆ ಇದು ಬೇಗ ಅರ್ಥವಾಗುತ್ತದೆ. ರೋಗದ ಹಿಂಡಿನಿಂದ ಕಂದು ತಂದು ನೆಟ್ಟವರ ತೋಟಕ್ಕೆ ರೋಗವೂ ಬಂತು. ಬೀಜದಿಂದ ಸಸಿ ಮಾಡಬಹುದು, ಆದರೆ ವಸಾಬಿ ಬೀಜ ಒಣಗಿದರೆ ಮೊಳೆಯುವುದಿಲ್ಲ. ತೇವದಲ್ಲಿ, ತಂಪಿನಲ್ಲಿ ಇಟ್ಟೇ ಕಾಪಾಡಬೇಕು. ಹಾಗಾಗಿ ಈಗ ಅಂಗಾಂಶ ಕೃಷಿಯ ಸಸಿಗಳೂ ಬಳಕೆಯಲ್ಲಿವೆ. 'ಮಜುಮಾ' ಎಂಬ ತಳಿಗೆ ಹೆಚ್ಚು ಬೆಲೆ. ಅದು ಬರಲು ನಿಧಾನ, ಆದರೆ ರುಚಿ ಗಟ್ಟಿ. 'ದರುಮಾ' ಎಂಬುದು ಇನ್ನೊಂದು.

ನೆಟ್ಟ ಮೇಲೆ ಕೊಯ್ಲಿಗೆ ಒಂದೂವರೆಯಿಂದ ಎರಡು ವರ್ಷ ಕಾಯಬೇಕು, ಕೆಲವೆಡೆ ಇನ್ನೂ ಹೆಚ್ಚು. ಅಷ್ಟರಲ್ಲಿ ಎಲೆಕೋಸಿನ ಬಿಳಿ ಚಿಟ್ಟೆಯ ಹುಳು ಬರುತ್ತದೆ, ಬುಡ ಕೊಳೆಯುವ ರೋಗ ಬರುತ್ತದೆ. ಜಿಂಕೆ, ಕಾಡುಹಂದಿ ಬರುತ್ತವೆ. ಹಂದಿ ಕಾಟ ಇಲ್ಲಿಗಷ್ಟೇ ಸೀಮಿತ ಅಂತ ತಿಳಿಯಬೇಡಿ, ಅಲ್ಲಿಯೂ ಬೇಲಿ ಹಾಕಿ ಸೋತಿದ್ದಾರೆ. ಕೀಳುವುದು ಕೈಯಿಂದಲೇ, ಒಂದೊಂದೇ ಗಿಡ. ಕಿತ್ತ ಮೇಲೆ ಗದ್ದೆಯ ಮರಳು ಕಲ್ಲು ಕೆದಕಿ, ಕೆಸರು ತೊಳೆದು ಹೊರಬಿಟ್ಟು, ಮತ್ತೆ ಸಮ ಮಾಡಿ ನೆಡಬೇಕು. ಇಳಿಜಾರಿನಲ್ಲಿ ಯಂತ್ರ ಇಳಿಯುವುದಿಲ್ಲ. ಬಾಳೆಗದ್ದೆಗಿಂತ ಹೆಚ್ಚು ಬೆನ್ನು ಬಗ್ಗಬೇಕಾದ ಕೆಲಸ ಅದು.

ಅಸಲು ಮತ್ತು ನಕಲು

ಇಷ್ಟು ಕಷ್ಟಪಟ್ಟು ಬೆಳೆದದ್ದು ಬೆಲೆಯಾಗದೆ ಇದ್ದೀತೆ? ಆದರೆ ಅದನ್ನು ತಿನ್ನುವ ರೀತಿಯೂ ಹಾಗೇ ಇದೆ. ಮರದ ಹಲಗೆಗೆ ಶಾರ್ಕ್ ಮೀನಿನ ಒರಟು ಚರ್ಮ ಅಂಟಿಸಿದ ತುರಿಮಣೆಯ ಮೇಲೆ, ಎಲೆಯ ಕಡೆಯ ತುದಿಯಿಂದ, ಸುತ್ತು ತಿರುಗಿಸುತ್ತ ನಿಧಾನ ಉಜ್ಜುತ್ತಾರೆ. ಸಣ್ಣಗೆ ಅರೆದಷ್ಟೂ ಘಾಟು ಹೆಚ್ಚು. ಅರೆದು ಹದಿನೈದು ಇಪ್ಪತ್ತು ನಿಮಿಷದಲ್ಲಿ ಪರಿಮಳ ಹಾರಿಹೋಗುತ್ತದೆ. ಅಂದರೆ ಇದನ್ನು ಅರೆದು ಡಬ್ಬಿ ತುಂಬಿ ಮಾರುವುದು ಸುಲಭವಲ್ಲ.

ಹಾಗಾದರೆ ಪೇಟೆಯಲ್ಲಿ ಹಸಿರು ಪುಡಿ, ಹಸಿರು ಟ್ಯೂಬು ವಸಾಬಿ ಅಂತ ಸಿಗುತ್ತದಲ್ಲ, ಅದೇನು? ಅದರಲ್ಲಿ ಹೆಚ್ಚಿನದು ಹಾರ್ಸ್‌ರ‍್ಯಾಡಿಶ್ ಎಂಬ ಬೇರೆ ಬೇರಿನ ಪುಡಿ, ಸಾಸಿವೆ ಮತ್ತು ಹಸಿರು ಬಣ್ಣ. ಹಾರ್ಸ್‌ರ‍್ಯಾಡಿಶ್ ಕೂಡ ಸಾಸಿವೆ ಬಳಗದ್ದೇ, ಯುರೋಪಿನ ಬಹುವಾರ್ಷಿಕ ಗಿಡ. ಸಾಧಾರಣ ಹೊಲದಲ್ಲಿ ಬರುತ್ತದೆ, ಅಗ್ಗ. ಘಾಟು ಒಂದೇ ವಸ್ತುವಿನದು, ಆದ್ದರಿಂದ ತಿನ್ನುವವರಿಗೆ ಗೊತ್ತಾಗುವುದಿಲ್ಲ. ಜಗತ್ತಿನಲ್ಲಿ ವಸಾಬಿ ಎಂದು ತಿನ್ನುವ ಬಹುಮಂದಿ ನಿಜವಾದ ವಸಾಬಿಯನ್ನು ಕಂಡೇ ಇಲ್ಲ. ಹುಡುಗರು ಇದನ್ನು ಗಮನಿಸಬೇಕು. ಕಿಲೋಗೆ ಸಾವಿರಾರು ರೂಪಾಯಿ ಎಂಬುದು ಸುಳ್ಳಲ್ಲ, ಆದರೆ ಆ ಬೆಲೆ ಕೊಡುವ ಮಾರುಕಟ್ಟೆ ಸಣ್ಣದು. ಒಳ್ಳೆಯ ಹೋಟೆಲುಗಳಿಗೆ, ಹಸಿಯಾಗಿ, ತಂಪಿನಲ್ಲಿ, ಬೇಗ ತಲುಪಿಸಿದರೆ ಮಾತ್ರ ಆ ಬೆಲೆ.

ನೀರು ಬತ್ತಿದರೆ

2018ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಶಿಜುವೊಕಾದ ವಸಾಬಿ ಬೇಸಾಯವನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆ ಎಂದು ಗುರುತಿಸಿತು. ಕಾಶ್ಮೀರದ ಕೇಸರಿ, ಕೇರಳದ ಕುಟ್ಟನಾಡಿನ ಗದ್ದೆಗಳು ಇರುವ ಪಟ್ಟಿ ಅದು. ಆದರೆ ಗೌರವ ಬಂತೆಂದು ಬೆಳೆಗಾರರು ನಿಶ್ಚಿಂತರಾಗಿಲ್ಲ. ಬೆಳೆ ಕಡಿಮೆಯಾಗುತ್ತ ಬಂದಿದೆ. ಯಾಕೆ ಎನ್ನುವುದು ನಮಗೆ ಮುಖ್ಯ.

ಒಂದು ಕಾರಣ ಬೆಟ್ಟ. ಎರಡನೇ ಮಹಾಯುದ್ಧದ ನಂತರ ಮನೆ ಕಟ್ಟಲು ಮರ ಬೇಕೆಂದು ಜಪಾನಿನ ಬೆಟ್ಟಗಳಲ್ಲಿ ಹಳೆಯ ಮಿಶ್ರಕಾಡು ತೆಗೆದು ದೇವದಾರಿನಂಥ ಒಂದೇ ಜಾತಿಯ ಮರಗಳನ್ನು ಸಾಲಾಗಿ ನೆಟ್ಟರು. ಮುಂದೆ ಅಗ್ಗದ ಮರ ಹೊರದೇಶದಿಂದ ಬಂತು, ನೆಟ್ಟದ್ದನ್ನು ಸವರುವವರೂ ಇಲ್ಲದಾಯಿತು. ದಟ್ಟ ಕತ್ತಲೆಯ ಆ ತೋಪಿನ ಅಡಿಯಲ್ಲಿ ಗಿಡಗಂಟಿ ಬೆಳೆಯದೆ ಮಣ್ಣು ತೊಳೆದುಹೋಗುತ್ತದೆ, ಮಳೆನೀರು ಇಂಗುವ ಬದಲು ಜಾರಿಹೋಗುತ್ತದೆ. ಒರತೆ ಸಣ್ಣದಾಯಿತು ಎನ್ನುತ್ತಾರೆ ಬೆಳೆಗಾರರು. ಅಕೇಶಿಯಾ ನೆಡುತೋಪು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಹವೆ. ಬೇಸಗೆ ಬಿಸಿಯಾಗುತ್ತಿದೆ, ನೀರೂ ಬಿಸಿಯಾಗುತ್ತದೆ. ಬಿರುಗಾಳಿ ಮಳೆ ಜೋರಾಗಿದೆ. 1958ರ ಸೆಪ್ಟೆಂಬರಿನಲ್ಲಿ ಇಜುವಿನ ಕಾನೊ ನದಿಯ ಪ್ರವಾಹಕ್ಕೆ ಕಾರಣವಾದ ಚಂಡಮಾರುತದಲ್ಲಿ ಸತ್ತವರು, ಕಾಣೆಯಾದವರು ಸಾವಿರದ ಮೇಲೆ. ಗುಡ್ಡ ಕುಸಿದು ವಸಾಬಿ ಗದ್ದೆಗಳೂ ಕೊಚ್ಚಿಹೋದವು. 2019ರ ಅಕ್ಟೋಬರಿನ ಹಗಿಬಿಸ್ ಚಂಡಮಾರುತದಲ್ಲೂ ಕಲ್ಲಿನ ಗದ್ದೆಗಳು ಹಾಳಾದವು. ಅಜ್ಜ ಕಟ್ಟಿದ ಕಟ್ಟೆಯನ್ನು ಮೊಮ್ಮಗ ಮತ್ತೆ ಕಟ್ಟಬೇಕು.

ಮೂರನೆಯದು ಮನುಷ್ಯರು. ಬೆಳೆಗಾರರಿಗೆ ವಯಸ್ಸಾಗಿದೆ, ಮಕ್ಕಳು ಪಟ್ಟಣದಲ್ಲಿದ್ದಾರೆ. ಮೇಲಿನ ಗದ್ದೆಯವನು ಬಿಟ್ಟುಹೋದರೆ ಅದರ ಕಟ್ಟೆ ಕುಸಿದು ಕೆಳಗಿನವನ ನೀರು ಕೆಡುತ್ತದೆ. ಒಬ್ಬನ ಗದ್ದೆಯ ನೀರೇ ಇನ್ನೊಬ್ಬನ ಗದ್ದೆಗೆ ಹೋಗುವ ಈ ಬೇಸಾಯದಲ್ಲಿ ಒಂಟಿಯಾಗಿ ಬದುಕುವಂತಿಲ್ಲ. ಅದಕ್ಕೇ ಅವರು ಬೆಳೆಗಾರರ ಸಂಘಗಳನ್ನು ಕಟ್ಟಿಕೊಂಡಿದ್ದಾರೆ. ಜಪಾನಿನಲ್ಲಿ 1900ರಲ್ಲೇ ಸಹಕಾರಿ ಕಾನೂನು ಬಂತು, ಈಗಿನ ಕೃಷಿ ಸಹಕಾರ ಸಂಘಗಳ ಕಾನೂನು 1947ರದ್ದು. ನಾವೇನೂ ಹಿಂದೆ ಇರಲಿಲ್ಲ. 1904ರ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆ ಬೇರಿನ ಒಂದು ಚಿಗುರು ನಿಮ್ಮ ಈ ಸಂಘ.

ಹುಡುಗರ ಪ್ರಶ್ನೆಗೆ ಉತ್ತರ

ಈಗ ಮೊದಲ ಪ್ರಶ್ನೆಗೆ ಬರೋಣ. ನಮ್ಮ ಹಳ್ಳದಲ್ಲಿ ವಸಾಬಿ ಬರುತ್ತದೆಯೆ?

ನೇರವಾಗಿ ಹೇಳುತ್ತೇವೆ. ಬಯಲ ಹಳ್ಳದಲ್ಲಿ ಬರುವುದಿಲ್ಲ. ಮಲೆನಾಡಿನ ಹಳ್ಳದ ನೀರು ನಮ್ಮ ಕಾಲಿಗೆ ತಣ್ಣಗೆ ಅನ್ನಿಸಿದರೂ ವಸಾಬಿಯ ಲೆಕ್ಕದಲ್ಲಿ ಅದು ಬೆಚ್ಚಗಿನ ನೀರು. ಮಾರ್ಚ್, ಏಪ್ರಿಲ್ ಬಂತೆಂದರೆ ಎಷ್ಟು ಹಳ್ಳಗಳಲ್ಲಿ ಹರಿವು ಉಳಿದಿರುತ್ತದೆ? ಆಷಾಢದಲ್ಲಿ ಅದೇ ಹಳ್ಳ ಕಲ್ಲನ್ನೂ ಉರುಳಿಸಿಕೊಂಡು ಹೋಗುತ್ತದೆ. ತಂಪು ಯಂತ್ರ ಇಟ್ಟು, ಮುಚ್ಚಿದ ಮನೆಯೊಳಗೆ ಬೆಳೆಯುತ್ತೇವೆ ಎನ್ನುವವರು ಬೇರೆ ದೇಶಗಳಲ್ಲಿ ಇದ್ದಾರೆ. ಇಂಗ್ಲೆಂಡಿನಲ್ಲಿ ಅದೇ ಬಳಗದ ನೀರುಸೊಪ್ಪು ವಾಟರ್‌ಕ್ರೆಸ್ ಬೆಳೆಯುತ್ತಿದ್ದ ಒರತೆ ಗದ್ದೆಗಳಲ್ಲಿ ಬೆಳೆದವರೂ ಇದ್ದಾರೆ. ಅವರ ನೀರು, ಅವರ ಬಂಡವಾಳ, ಅವರ ಪೇಟೆ ಬೇರೆ. ನಾವು ಅಡಿಕೆ ತೋಟ ಒತ್ತೆಯಿಟ್ಟು ಆ ಹಾದಿ ಹಿಡಿಯುವುದು ತರವಲ್ಲ.

ವೆನಿಲ್ಲಾ ನೆನಪು ಹಿರಿಯರಿಗೆ ಇನ್ನೂ ಹಸಿಯಾಗಿದೆ. 2003ರ ಹೊತ್ತಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ. ಬಳ್ಳಿಯ ತುಂಡಿಗೂ ಗಜದ ಲೆಕ್ಕದಲ್ಲಿ ದುಡ್ಡು. ರಾತ್ರಿ ತೋಟ ಕಾಯಲು ಜನ ಇಟ್ಟರು. ಎರಡು ಮೂರು ವರ್ಷದಲ್ಲಿ ಬೆಲೆ ನೆಲ ಕಂಡಿತು. ಆ ಕಾಲದಲ್ಲಿ ನಿಜವಾಗಿ ದುಡ್ಡು ಮಾಡಿಕೊಂಡವರಲ್ಲಿ ಕೋಡು ಮಾರಿದವರಿಗಿಂತ ಬಳ್ಳಿ ಮಾರಿದವರು ಹೆಚ್ಚು. ನಾಳೆ ನಿಮ್ಮೂರಿಗೆ ಯಾರಾದರೂ ವಸಾಬಿ ಸಸಿ ತಂದರೆ ಮೂರು ಪ್ರಶ್ನೆ ಕೇಳಿ. ಇದೇ ಹವೆಯಲ್ಲಿ ಕೊಯ್ಲು ಮಾಡಿದ ತೋಟ ತೋರಿಸುತ್ತೀರಾ? ಕೊಳ್ಳುವವರು ಯಾರು, ಬರೆದು ಕೊಡುತ್ತಾರಾ? ಬೇಸಗೆಯ ನಡುಹಗಲು ನಮ್ಮ ಹಳ್ಳದ ನೀರಿಗೆ ಉಷ್ಣಮಾಪಕ ಇಟ್ಟು ನೋಡಿದ್ದೀರಾ? ಉತ್ತರ ಸಿಗದಿದ್ದರೆ ಚಹಾ ಕೊಟ್ಟು ಕಳಿಸಿ. ಸಾಲದ ಅರ್ಜಿ ಮಾತ್ರ ಕೊಡಬೇಡಿ.

ಹಾಗಾದರೆ ಇಷ್ಟು ಹೊತ್ತು ಈ ಗಿಡದ ಕಥೆ ಯಾಕೆ ಹೇಳಿದಿರಿ ಎಂದು ನೀವು ಕೇಳಬಹುದು. ಗಿಡ ತರಲು ಆಗದಿದ್ದರೂ ಅದನ್ನು ಬೆಳೆಸಿದವರ ಬುದ್ಧಿ ತರಬಹುದು. ಸಂಘದ ಮುಂದೆ ಮೂರು ಮಾತು ಇಡುತ್ತೇವೆ.

ಮೊದಲನೆಯದು, ಒರತೆ ಕಾಯುವುದು. ಊರಿನ ಅಬ್ಬಿ, ಒರತೆ, ಕೆರೆಗಳ ಒಂದು ಪಟ್ಟಿ ಮಾಡಿ. ಯಾವುದರಲ್ಲಿ ಯಾವ ತಿಂಗಳವರೆಗೆ ನೀರಿದೆ ಎಂದು ಪ್ರತಿವರ್ಷ ಸಂಘದ ಪುಸ್ತಕದಲ್ಲಿ ಬರೆದಿಡಿ. ಜಮಾಖರ್ಚಿನ ಹಾಗೆ ಅದನ್ನೂ ವಾರ್ಷಿಕ ಸಭೆಯಲ್ಲಿ ಓದಿ. ನೀರಿನ ತಲೆಯ ಮೇಲಿನ ಬೆಟ್ಟದಲ್ಲಿ ಮಿಶ್ರಜಾತಿಯ ಮರ ಉಳಿಸಿ, ಇಂಗುಗುಂಡಿ ತೆಗೆಯಿರಿ. ಸೊಪ್ಪಿನ ಬೆಟ್ಟ ಬೋಳಾದ ಮೇಲೆ ಸಂಘದಲ್ಲಿ ಎಷ್ಟು ಠೇವಣಿ ಇದ್ದರೂ ತೋಟಕ್ಕೆ ನೀರಾಗುವುದಿಲ್ಲ.

ಎರಡನೆಯದು, ಸಸಿ. ರೋಗವಿಲ್ಲದ ತಾಯಿಗಿಡ ಆರಿಸಿ ಸಂಘದ ವತಿಯಿಂದಲೇ ಮೆಣಸು, ಏಲಕ್ಕಿ, ಅಡಿಕೆ, ಮಿಡಿಮಾವಿನ ಸಸಿತೋಟ ಮಾಡುವುದು. ಗೊಬ್ಬರ, ಮೈಲುತುತ್ತ ತಂದು ಹಂಚಿದ ಸಂಘಕ್ಕೆ ಇದು ಭಾರವಲ್ಲ.

ಮೂರನೆಯದು, ಹೊಸ ಬೆಳೆಗೆ ಸಾಲ ಬೇಡ ಎಂದು ನಾವು ಹೇಳುವುದಿಲ್ಲ. ಹುಡುಗರ ಉತ್ಸಾಹಕ್ಕೆ ತಣ್ಣೀರು ಎರಚಿ ಹೋಗಲು ಬಂದವರಲ್ಲ ನಾವು. ಮೊದಲು ಗುಂಟೆ ಲೆಕ್ಕದಲ್ಲಿ ಬೆಳೆದು ನೋಡಲು, ಸಂಘವೇ ಒಂದು ಪ್ರಯೋಗದ ನಿಧಿ ಇಟ್ಟು, ಗೆದ್ದರೆ ಎಲ್ಲರಿಗೂ ಹಂಚಿ, ಸೋತರೆ ಒಬ್ಬನ ಮನೆ ಮುಳುಗದಂತೆ ನೋಡಿಕೊಳ್ಳಬೇಕು. ನಮ್ಮ ಅಪ್ಪೆಮಿಡಿ, ನಮ್ಮ ಉಪ್ಪಾಗೆ, ನಮ್ಮ ಕಾಡುಜೇನು ಇವುಗಳನ್ನು ಸೋಸಿ, ವಿಂಗಡಿಸಿ, ಒಳ್ಳೆಯ ಸರಕೆಂಬ ಹೆಸರು ಉಳಿಸಿಕೊಂಡು ಒಟ್ಟಾಗಿ ಮಾರುವ ಕೆಲಸ ಇನ್ನೂ ಬಹಳ ಬಾಕಿ ಇದೆ. ಉತೊಗಿಯವರು ಬೇರೆ ದೇಶದ ಗಿಡಕ್ಕೆ ಹೋಗಲಿಲ್ಲ, ತಮ್ಮ ಬೆಟ್ಟದ ಕಾಡುಗಿಡವನ್ನೇ ಕೈಹಿಡಿದರು. ಅದನ್ನು ಗಮನಿಸಿ.

ಇಪ್ಪತ್ತೈದು ವರ್ಷ ಈ ಸಂಘ ಹರಿದು ಬಂದಿದೆ. ಮೇಲಿನ ಮನೆಯವರ ಠೇವಣಿ ಕೆಳಗಿನ ಮನೆಯವರಿಗೆ ಸಾಲವಾಗಿ, ಸಾಲ ಮರುಪಾವತಿಯಾಗಿ, ಮತ್ತೊಬ್ಬರ ಮಗಳ ಮದುವೆಗೆ, ಮತ್ತೊಬ್ಬರ ತೋಟದ ಮಣ್ಣಿಗೆ ಹೋಗಿದೆ. ಸಕಾಲಕ್ಕೆ ಸಾಲ ತೀರಿಸಿದ ಪ್ರತಿಯೊಬ್ಬ ಸದಸ್ಯರೂ ಈ ಗದ್ದೆಯ ಒಂದೊಂದು ಕಲ್ಲು. ಬರುವ ವರ್ಷಗಳಲ್ಲಿ ಆ ಹುಡುಗರೂ ಆಡಳಿತ ಮಂಡಳಿಗೆ ಬರಲಿ, ಹೆಣ್ಣುಮಕ್ಕಳೂ ಹೆಚ್ಚಿನ ಸಂಖ್ಯೆಯಲ್ಲಿ ಬರಲಿ, ಸುವರ್ಣ ಮಹೋತ್ಸವವನ್ನು ಅವರೇ ಮುಂದೆ ನಿಂತು ನಡೆಸಲಿ. ಆ ಹೊತ್ತಿಗೂ ಊರ ಅಬ್ಬಿಯಲ್ಲಿ ಏಪ್ರಿಲ್ ತಿಂಗಳಲ್ಲಿ ನೀರು ಬೀಳುತ್ತಿರಲಿ ಎಂದು ಹಾರೈಸುತ್ತೇವೆ.